ದಖನಿ ಕುರಿ, ಕರಿ ಕಂಬಳಿ, ಬದಲಾದ ಮಳೆ: ಕುರಿಗಾಹಿಗಳ ಬದುಕು ಉಳಿಯಲು ಬೇಕಾದುದೇನು? ಇಲ್ಲಿದೆ ಸಮಗ್ರ ಮಾಹಿತಿ

ಹೈದರಾಬಾದ್: ದೇಶದಲ್ಲಿ ಅತಿ ಹೆಚ್ಚು ಕುರಿಗಳಿರುವ ರಾಜ್ಯ ತೆಲಂಗಾಣ. 2019ರಲ್ಲಿ ನಡೆದ 20ನೇ ಜಾನುವಾರು ಗಣತಿಯ ಪ್ರಕಾರ ಇಲ್ಲಿರುವ ಕುರಿಗಳ ಸಂಖ್ಯೆ ಸುಮಾರು 1.91 ಕೋಟಿ. ಆಂಧ್ರಪ್ರದೇಶದ ನಂತರ ಮೂರನೇ ಸ್ಥಾನದಲ್ಲಿರುವ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ಆದರೆ ಈ ದೊಡ್ಡ ಅಂಕಿಗಳ ಹಿಂದೆ ಬೇರೆಯೇ ಒಂದು ಕಥೆಯಿದೆ. ದಖನ್ ಪ್ರಸ್ಥಭೂಮಿಯ ಬರಕ್ಕೆ ಹೊಂದಿಕೊಂಡು ಬೆಳೆದ ಕಪ್ಪು ಉಣ್ಣೆಯ ಸ್ಥಳೀಯ ತಳಿ ಕಡಿಮೆಯಾಗುತ್ತಿದೆ. ಮೇಯಿಸುವ ನೆಲ ಕುಗ್ಗುತ್ತಿದೆ. ಮಳೆ ಬರುವ ಕಾಲವೂ ಬೀಳುವ ರೀತಿಯೂ ಬದಲಾಗಿವೆ.

ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬೇರೆಯಾದರೂ ಕುರಿಗಾಹಿಗಳ ಬದುಕು ಬೇರೆಯಾಗಲಿಲ್ಲ. ಕರ್ನಾಟಕದ ಕುರುಬರು, ತೆಲಂಗಾಣದ ಕುರುಮ ಮತ್ತು ಗೊಲ್ಲ ಸಮುದಾಯಗಳು ಒಂದೇ ಬಗೆಯ ಬಯಲಿನಲ್ಲಿ ಒಂದೇ ಬಗೆಯ ಕುರಿ ಮೇಯಿಸಿಕೊಂಡು ಬಂದಿವೆ. ಸಿದ್ದಿಪೇಟೆ ಜಿಲ್ಲೆಯ ಕೊಮುರವೆಲ್ಲಿ ಮಲ್ಲನ್ನ, ಬೀದರ್ ಜಿಲ್ಲೆ ಖಾನಾಪುರದ ಮೈಲಾರ ಮಲ್ಲಣ್ಣ, ಹೂವಿನಹಡಗಲಿ ಸೀಮೆಯ ಮೈಲಾರಲಿಂಗ ಎಲ್ಲವೂ ಒಂದೇ ಭಕ್ತಿಪರಂಪರೆಯ ನೆಲೆಗಳು. ಹೀಗಾಗಿ ಹೈದರಾಬಾದ್‌ನಲ್ಲಿ ಕುರಿ, ಮೇವು, ಮಳೆ ಕುರಿತು ನಡೆಯುವ ಕೆಲಸ ಕಲ್ಯಾಣ ಕರ್ನಾಟಕದ ಹಟ್ಟಿಗಳಿಗೂ ಸಂಬಂಧಿಸಿದ್ದು.

ದಖನಿ ಕುರಿಯ ವಿಶೇಷವೇನು?

ದಖನಿ ತಳಿಯ ಕುರಿಗಳು ತೆಲಂಗಾಣ, ಮಹಾರಾಷ್ಟ್ರ ಮತ್ತು ಕರ್ನಾಟಕದ ಒಣಪ್ರದೇಶಗಳಲ್ಲಿ ಕಂಡುಬರುತ್ತವೆ. ಬಾಗಿದ ಮೂಗು, ಜೋಲು ಕಿವಿ, ಮೈತುಂಬ ಒರಟಾದ ಉಣ್ಣೆ ಇದರ ಗುರುತು. ಹೆಚ್ಚಿನವು ಕಪ್ಪು ಬಣ್ಣದವು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮೃದುವಾದ ಉಡುಪಿಗೆ ಈ ಉಣ್ಣೆ ಒಗ್ಗದು, ಕಂಬಳಿಗೆ ಮಾತ್ರ ಹೇಳಿ ಮಾಡಿಸಿದ್ದು.

ಈ ತಳಿಯ ದೊಡ್ಡ ಗುಣ ಸಹಿಷ್ಣುತೆ. ದಿನಕ್ಕೆ ಹಲವು ಕಿಲೋಮೀಟರ್ ನಡೆಯುತ್ತದೆ. ಒಣಹುಲ್ಲು, ಮುಳ್ಳುಗಿಡದ ಸೊಪ್ಪು, ಕೊಯ್ಲಾದ ಹೊಲದ ಕೂಳೆ ತಿಂದು ಬದುಕುತ್ತದೆ. ಮಳೆಗಾಲದ ಚಳಿಗಾಳಿಯನ್ನು ಉಣ್ಣೆಯೇ ತಡೆಯುತ್ತದೆ. ಕರಾವಳಿ ಆಂಧ್ರದ ನೆಲ್ಲೂರು ಕುರಿ ಎತ್ತರವಾಗಿದ್ದು ಬೇಗ ತೂಕ ಬರುತ್ತದೆ. ಆದರೆ ಅದಕ್ಕೆ ಉಣ್ಣೆಯಿಲ್ಲ, ಕೂದಲು ಮಾತ್ರ. ಮಾಂಸಕ್ಕೆ ಬೆಲೆ ಬಂದು ಉಣ್ಣೆಗೆ ಬೆಲೆ ಬಿದ್ದಾಗ ಅನೇಕ ಕುರಿಗಾಹಿಗಳು ತಮ್ಮ ಹಿಂಡಿಗೆ ನೆಲ್ಲೂರು ಟಗರು ಬಿಟ್ಟರು. ಕೆಲವು ತಲೆಮಾರುಗಳಲ್ಲಿ ಹಿಂಡಿನ ಉಣ್ಣೆಯೂ ಕಡಿಮೆಯಾಯಿತು, ಬರ ತಾಳುವ ಗುಣವೂ ತೆಳುವಾಯಿತು.

ಕರ್ನಾಟಕದಲ್ಲಿ ಬಳ್ಳಾರಿ, ಹಾಸನ, ಮಂಡ್ಯ ಮತ್ತು ಕೆಂಗುರಿ ಮಾನ್ಯತೆ ಪಡೆದ ಕುರಿ ತಳಿಗಳು. ರಾಯಚೂರು, ಕೊಪ್ಪಳ ಭಾಗದ ಕೆಂಗುರಿಯನ್ನು ಸ್ಥಳೀಯರು ಎಳಗ ಎಂದೂ ಕರೆಯುತ್ತಾರೆ. ಆಯಾ ನೆಲಕ್ಕೆ ಆಯಾ ತಳಿ ಎಂಬುದು ಕುರಿಗಾಹಿಗಳ ಹಳೆಯ ಲೆಕ್ಕ.

ಹೊಲಕ್ಕೆ ಗೊಬ್ಬರ, ಕುರಿಗೆ ಮೇವು

ಕುರಿಗಾರಿಕೆ ಮತ್ತು ಬೇಸಾಯ ಬೇರೆ ಬೇರೆ ಕಸುಬುಗಳಂತೆ ಕಂಡರೂ ದಖನ್‌ನಲ್ಲಿ ಒಂದನ್ನೊಂದು ಹಿಡಿದುಕೊಂಡೇ ಬೆಳೆದಿವೆ. ಕೊಯ್ಲು ಮುಗಿದ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಹಗಲು ಬಯಲಲ್ಲಿ ಮೇಯ್ದ ಕುರಿಗಳು ರಾತ್ರಿ ರೈತನ ಹೊಲದಲ್ಲಿ ತಂಗುತ್ತವೆ. ಹಿಕ್ಕೆ ಮತ್ತು ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ತಿಪ್ಪೆಯಲ್ಲಿ ಆವಿಯಾಗಿ ಹೋಗುವ ಸಾರಜನಕದ ಒಂದು ಪಾಲು ಹೊಲದಲ್ಲೇ ಉಳಿಯುತ್ತದೆ. ಸಾಗಣೆಯ ಖರ್ಚೂ ಇಲ್ಲ. ಕುರಿಗಾಹಿಗೆ ರೈತ ಒಂದು ರಾತ್ರಿಗೆ ಇಷ್ಟು ಎಂದು ಹಣವನ್ನೋ ಕಾಳನ್ನೋ ಕೊಡುತ್ತಾನೆ.

ಈ ಸಂಬಂಧ ಕುರಿಗಾಹಿಗಳ ವಲಸೆಯ ದಾರಿಯನ್ನೂ ನಿರ್ಧರಿಸಿದೆ. ಪಾಲಮೂರು ಅಂದರೆ ಮಹಬೂಬ್‌ನಗರ ಭಾಗದ ಕುರಿಗಾಹಿಗಳು ನಲ್ಲಮಲ ಕಾಡಿನ ಅಂಚು ಮತ್ತು ಕೃಷ್ಣಾ ತೀರದ ಭತ್ತದ ಬಯಲಿನತ್ತ ಹೋಗುತ್ತಾರೆ. ಉತ್ತರ ಕರ್ನಾಟಕದ ಅನೇಕ ಹಿಂಡುಗಳು ಕೊಯ್ಲಿನ ನಂತರ ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಇಳಿಯುತ್ತವೆ. ಮಳೆ ಬಿದ್ದಾಗ ಊರಿಗೆ, ಒಣಗಿದಾಗ ನೀರಿರುವ ಕಡೆಗೆ ಎಂಬ ಈ ಓಡಾಟವೇ ಬರವನ್ನು ದಾಟುವ ಉಪಾಯ. ಮಳೆ ಎಲ್ಲ ಕಡೆ ಒಂದೇ ಸಮನಾಗಿ ಬೀಳದ ನಾಡಿನಲ್ಲಿ ನಿಂತು ಕಾಯುವುದಕ್ಕಿಂತ ನಡೆದು ಹುಡುಕುವುದೇ ಲೇಸು.

ಆದರೆ ಈಗ ಆ ದಾರಿಯಲ್ಲಿ ತೊಡಕುಗಳು ಹೆಚ್ಚಿವೆ. ಯಂತ್ರದಿಂದ ಕೊಯ್ದ ಭತ್ತದ ಹುಲ್ಲನ್ನು ಹಲವೆಡೆ ಸುಡಲಾಗುತ್ತದೆ. ಎರಡು, ಮೂರು ಬೆಳೆ ತೆಗೆಯುವ ನೀರಾವರಿ ಹೊಲ ಖಾಲಿ ಇರುವುದೇ ಅಪರೂಪ. ಹತ್ತಿ ಬೆಳೆದ ಹೊಲದಲ್ಲಿ ಕೀಟನಾಶಕದ ಉಳಿಕೆಯ ಭಯ. ಜೋಳದ ಬದಲು ಹತ್ತಿ ಬಂದಲ್ಲಿ ಕಣಿಕೆಯೂ ಇಲ್ಲವಾಯಿತು.

ಹವಾಮಾನ ಬದಲಾದರೆ ಹಿಂಡಿಗೆ ಏನಾಗುತ್ತದೆ?

ಕುರಿಗೆ ಬಿಸಿಲಿನ ಹೊಡೆತ ಬಿದ್ದರೆ ಮೊದಲು ಮೇವು ತಿನ್ನುವುದು ಕಡಿಮೆಯಾಗುತ್ತದೆ. ಉಸಿರಾಟ ಹೆಚ್ಚುತ್ತದೆ, ನೀರು ಹೆಚ್ಚು ಬೇಕಾಗುತ್ತದೆ. ಬೆದೆಗೆ ಬರುವುದು ತಡವಾಗುತ್ತದೆ, ಗರ್ಭ ನಿಲ್ಲುವ ಪ್ರಮಾಣ ಇಳಿಯುತ್ತದೆ, ಮರಿಗಳ ತೂಕ ಕಡಿಮೆಯಾಗುತ್ತದೆ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ ಮತ್ತು ತೆಲಂಗಾಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ದಿನಗಳಲ್ಲೂ ಕುರಿ ಕಾಯುವವರು ಬಯಲಲ್ಲೇ ಇರಬೇಕು. ಹಿಂಡಿಗೂ ಕಾಯುವವನಿಗೂ ನೆರಳು, ನೀರು ಒಂದೇ.

ಮಳೆಯ ಸ್ವಭಾವ ಬದಲಾದರೂ ಕಷ್ಟವೇ. ಜೂನ್‌ನಲ್ಲಿ ಮೊಳೆತ ಹುಲ್ಲು ನಡುವೆ ಮಳೆ ನಿಂತರೆ ಒಣಗುತ್ತದೆ. ಒಂದೆರಡು ದಿನದಲ್ಲೇ ಸುರಿಯುವ ಭಾರೀ ಮಳೆ ಹರಿದುಹೋಗುತ್ತದೆ ಹೊರತು ಕುಂಟೆಗೆ ನಿಧಾನವಾಗಿ ಇಂಗುವುದಿಲ್ಲ. ತೇವದಲ್ಲಿ ನಿಂತ ಹಿಂಡಿಗೆ ಕಾಲುಕೊಳೆ, ಜಂತುಬಾಧೆ ಹತ್ತುತ್ತವೆ.

ಮಳೆ ಮತ್ತು ರೋಗದ ನಂಟಿಗೆ ನೀಲಿ ನಾಲಿಗೆ ರೋಗ ಸ್ಪಷ್ಟ ಉದಾಹರಣೆ. ಕ್ಯೂಲಿಕಾಯ್ಡಿಸ್ ಎಂಬ ಸಣ್ಣ ನೊಣ ಕಚ್ಚುವುದರಿಂದ ಇದು ಹರಡುತ್ತದೆ. ಒದ್ದೆ ಸಗಣಿ, ಕೆಸರಿನಲ್ಲಿ ಈ ನೊಣ ಹುಟ್ಟಿಕೊಳ್ಳುತ್ತದೆ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ, ಅದರಲ್ಲೂ ಮಳೆ ಹೆಚ್ಚಾದ ವರ್ಷಗಳಲ್ಲಿ ದಕ್ಷಿಣ ರಾಜ್ಯಗಳಲ್ಲಿ ಈ ರೋಗ ಜೋರಾಗುತ್ತದೆ. ಜ್ವರ, ಬಾಯಿ ಊತ, ಮೂಗಿನಲ್ಲಿ ಸೋರಿಕೆ, ಕುಂಟು ಇದರ ಲಕ್ಷಣಗಳು. ಹೈದರಾಬಾದ್‌ನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಐದು ಮಾದರಿಯ ವೈರಾಣುಗಳ ವಿರುದ್ಧದ ಲಸಿಕೆಯನ್ನು 2015ರಲ್ಲಿ ಮಾರುಕಟ್ಟೆಗೆ ತಂದಿತು. ಲಸಿಕೆ ಕೆಲಸ ಮಾಡಬೇಕಾದರೆ ಮಳೆಗಾಲದ ನೊಣ ಏಳುವ ಮುನ್ನವೇ ಹಾಕಿಸಬೇಕು. ಹಿಂಡು ವಲಸೆಯಲ್ಲಿದ್ದಾಗ ಈ ಸಮಯ ತಪ್ಪುವುದೇ ದೊಡ್ಡ ಸಮಸ್ಯೆ.

ಇನ್ನೊಂದು ಪಿಡುಗು ಪಿಪಿಆರ್, ಅಂದರೆ ಕುರಿ–ಮೇಕೆಗಳ ಪ್ಲೇಗ್. 2030ರೊಳಗೆ ಇದನ್ನು ಜಗತ್ತಿನಿಂದಲೇ ಅಳಿಸುವ ಗುರಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇಟ್ಟುಕೊಂಡಿವೆ. ಭಾರತದಲ್ಲೇ ಸಿದ್ಧವಾದ ಲಸಿಕೆ ಇದೆ. ಒಮ್ಮೆ ಹಾಕಿದರೆ ಹಲವು ವರ್ಷ ರಕ್ಷಣೆ ಸಿಗುತ್ತದೆ.

ತೆಲಂಗಾಣದ ಕುರಿ ವಿತರಣೆ ಯೋಜನೆ: ಪಾಠವೇನು?

ತೆಲಂಗಾಣ ಸರ್ಕಾರ 2017ರ ಜೂನ್‌ನಲ್ಲಿ ಕುರಿ ವಿತರಣೆ ಯೋಜನೆ ಆರಂಭಿಸಿತು. ಗೊಲ್ಲ, ಕುರುಮ ಸಮುದಾಯಗಳ ಸಹಕಾರ ಸಂಘದ ಸದಸ್ಯರಿಗೆ 20 ಹೆಣ್ಣು ಕುರಿ ಮತ್ತು ಒಂದು ಟಗರಿನ ಘಟಕ ಕೊಡುವುದು ಯೋಜನೆಯ ತಿರುಳು. ಘಟಕದ ವೆಚ್ಚ 1.25 ಲಕ್ಷ ರೂಪಾಯಿ. ಶೇ 75ರಷ್ಟು ಸಹಾಯಧನ, ಉಳಿದ 31,250 ರೂಪಾಯಿ ಫಲಾನುಭವಿಯ ಪಾಲು. ಎರಡನೇ ಹಂತದಲ್ಲಿ ಘಟಕದ ವೆಚ್ಚವನ್ನು 1.75 ಲಕ್ಷಕ್ಕೆ ಏರಿಸಲಾಯಿತು.

2012ರ ಗಣತಿಯಲ್ಲಿ ಸುಮಾರು 1.28 ಕೋಟಿ ಇದ್ದ ಕುರಿಗಳು 2019ರಲ್ಲಿ 1.91 ಕೋಟಿಗೆ ಏರಿದವು. ಭೂಮಿಯಿಲ್ಲದ ಕುಟುಂಬಗಳ ಕೈಗೆ ಆಸ್ತಿ ಬಂತು. ಆದರೆ ಮೂರು ಪ್ರಶ್ನೆಗಳು ಉಳಿದವು.

ಮೊದಲನೆಯದು ತಳಿ. ಕುರಿಗಳನ್ನು ಹೊರರಾಜ್ಯಗಳಿಂದ ಖರೀದಿಸಿದ್ದರಿಂದ ಒಣಪ್ರದೇಶಕ್ಕೆ ಹೊಂದದ, ಉಣ್ಣೆಯಿಲ್ಲದ ಕುರಿಗಳೂ ಬಂದು ಸೇರಿದವು. ಎರಡನೆಯದು ಮೇವು. ಕುರಿ ಹೆಚ್ಚಿದಷ್ಟು ಗೋಮಾಳ ಹೆಚ್ಚಲಿಲ್ಲ. ಮೂರನೆಯದು ಲೆಕ್ಕ. ಸಾಗಣೆ ಬಿಲ್ಲು ಮತ್ತು ಕಿವಿಯೋಲೆ ಸಂಖ್ಯೆಗಳಲ್ಲಿ ಅಕ್ರಮ ನಡೆದಿರುವುದನ್ನು ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. 2024ರಲ್ಲಿ ಭ್ರಷ್ಟಾಚಾರ ನಿಗ್ರಹ ದಳದ ತನಿಖೆಯೂ ನಡೆಯಿತು. ಕುರಿ ಕೊಡುವ ಮೊದಲು ಯಾವ ಕುರಿ, ಎಲ್ಲಿ ಮೇಯುತ್ತದೆ, ಯಾರು ಲಸಿಕೆ ಹಾಕುತ್ತಾರೆ ಎಂಬುದನ್ನು ತೀರ್ಮಾನಿಸಬೇಕು ಎಂಬುದೇ ಈ ಯೋಜನೆಯಿಂದ ಇತರ ರಾಜ್ಯಗಳು ಕಲಿಯಬಹುದಾದ ಪಾಠ.

ಹೈದರಾಬಾದ್‌ನ ಯಾವ ಸಂಸ್ಥೆ ಏನು ಮಾಡುತ್ತಿದೆ?

* ಕ್ರಿಡಾ: ಸಂತೋಷ್‌ನಗರದಲ್ಲಿರುವ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ 1985ರಲ್ಲಿ ಸ್ಥಾಪನೆಯಾಯಿತು. 2011ರಲ್ಲಿ ಆರಂಭವಾದ ಹವಾಮಾನ ಸಹಿಷ್ಣು ಕೃಷಿಯ ರಾಷ್ಟ್ರೀಯ ಯೋಜನೆ ‘ನಿಕ್ರಾ’ಗೆ ಇದೇ ಕೇಂದ್ರ. ಮಳೆ ತಡವಾದರೆ, ನಡುವೆ ನಿಂತರೆ, ಅತಿಯಾದರೆ ಏನು ಮಾಡಬೇಕು ಎಂಬ ಜಿಲ್ಲಾವಾರು ಯೋಜನೆಗಳಲ್ಲಿ ಜಾನುವಾರುಗಳ ಮೇವು, ನೀರು, ಆರೋಗ್ಯದ ಭಾಗವೂ ಇದೆ.
* ಇಕ್ರಿಸ್ಯಾಟ್: 1972ರಲ್ಲಿ ಪಟಾನ್‌ಚೆರುವಿನಲ್ಲಿ ಆರಂಭವಾದ ಈ ಅಂತರರಾಷ್ಟ್ರೀಯ ಸಂಸ್ಥೆ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಸಂಶೋಧನೆ ನಡೆಸುತ್ತದೆ.
* ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ: ಚೆಂಗಿಚೆರ್ಲದಲ್ಲಿದೆ. ಮಾಂಸದ ಗುಣಮಟ್ಟ, ಸ್ವಚ್ಛ ಸಂಸ್ಕರಣೆ ಕುರಿತು ಕೆಲಸ ಮಾಡುತ್ತದೆ.
* ಪಿ.ವಿ. ನರಸಿಂಹರಾವ್ ಪಶುವೈದ್ಯ ವಿಶ್ವವಿದ್ಯಾಲಯ: ರಾಜೇಂದ್ರನಗರದಲ್ಲಿದ್ದು, ರಾಜ್ಯದ ಪಶುವೈದ್ಯ ಶಿಕ್ಷಣ ಮತ್ತು ಸಂಶೋಧನೆಯ ಹೊಣೆ ಹೊತ್ತಿದೆ.
* ಅಂತ್ರ: ಮಹಿಳಾ ಪಶುವೈದ್ಯರು ಕಟ್ಟಿದ ಸಂಸ್ಥೆ. ದಖನಿ ಕುರಿ, ನಾಟಿ ಔಷಧ ಜ್ಞಾನ ಮತ್ತು ಕುರಿಗಾಹಿಗಳ ಹಕ್ಕುಗಳ ಬಗ್ಗೆ ಹೈದರಾಬಾದ್ ಮತ್ತು ಪುಣೆಯನ್ನು ನೆಲೆಯಾಗಿಸಿಕೊಂಡು ದುಡಿದಿದೆ.

ಇವುಗಳಲ್ಲಿ ಮೇವಿನ ಕುರಿತ ಒಂದು ಅಧ್ಯಯನ ಗಮನಾರ್ಹ. ಇಕ್ರಿಸ್ಯಾಟ್ ಮತ್ತು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2004–05ರಲ್ಲಿ ಹೈದರಾಬಾದ್‌ನ ಮೇವಿನ ವ್ಯಾಪಾರಿಗಳಿಂದ ಜೋಳದ ಕಣಿಕೆಯ ಮಾದರಿ ಸಂಗ್ರಹಿಸಿ ಪರೀಕ್ಷಿಸಿದರು. ಜೀರ್ಣವಾಗುವ ಪ್ರಮಾಣ ಶೇ 47ರಿಂದ 52ಕ್ಕೆ, ಅಂದರೆ ಐದೇ ಅಂಶ ಹೆಚ್ಚಾದರೆ ಕಣಿಕೆಯ ಬೆಲೆ ಸುಮಾರು ಕಾಲುಭಾಗ ಹೆಚ್ಚು ಇರುವುದು ಕಂಡುಬಂತು. ವ್ಯಾಪಾರಿಗಳು, ದನ ಸಾಕುವವರು ಪ್ರಯೋಗಾಲಯವಿಲ್ಲದೆಯೇ ಒಳ್ಳೆಯ ಮೇವನ್ನು ಗುರುತಿಸುತ್ತಿದ್ದರು. ಕಾಳಿನ ಇಳುವರಿಯನ್ನಷ್ಟೇ ನೋಡಿ ತಳಿ ಆರಿಸುತ್ತಿದ್ದ ಕಡೆ ಕಣಿಕೆಯ ಗುಣವನ್ನೂ ನೋಡಬೇಕೆಂಬ ವಾದಕ್ಕೆ ಇದು ಬಲ ಕೊಟ್ಟಿತು. ಕಾಳೂ ಕಣಿಕೆಯೂ ಎರಡೂ ಚೆನ್ನಾಗಿರುವ ಜೋಳ ಬಿತ್ತಿದರೆ ಮನುಷ್ಯನಿಗೂ ಮಂದೆಗೂ ಬರದಲ್ಲಿ ಆಸರೆ.

ಜಹೀರಾಬಾದ್‌ನ ಮಹಿಳೆಯರು ತೋರಿದ ದಾರಿ

ಬೀದರ್ ಗಡಿಗೆ ಅಂಟಿಕೊಂಡಂತಿರುವ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. ಇದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್. ದೂರದರ್ಶನದಲ್ಲಿ ದುಡಿದ ಅವರು ಬದುಕಿನ ಬಹುಭಾಗವನ್ನು ಈ ಒಣನೆಲದ ದಲಿತ ಮಹಿಳೆಯರ ಸಂಘಗಳ ಜತೆ ಕಳೆದರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ಬೀಳುಬಿದ್ದ ಚೂರುಪಾರು ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹುರುಳಿ, ಅಲಸಂದೆ ಹೀಗೆ ಹತ್ತಾರು ಬೆಳೆಗಳನ್ನು ಒಟ್ಟಿಗೆ ಬಿತ್ತುವುದು ಇಲ್ಲಿನ ಮಹಿಳೆಯರ ಪದ್ಧತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಕಾಳು ಮನೆಗೆ, ಕಣಿಕೆ–ಹೊಟ್ಟು ದನ, ಮೇಕೆಗೆ, ಗೊಬ್ಬರ ಮತ್ತೆ ಹೊಲಕ್ಕೆ. ಬೀಜವನ್ನು ಮನೆಯಲ್ಲೇ ಬೂದಿ, ಬೇವಿನ ಸೊಪ್ಪು ಹಾಕಿ ಕಾಪಿಡುತ್ತಾರೆ. ಈ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಕುರಿ ಸಾಕಣೆಯೂ ಇಂಥ ಬೇಸಾಯದ ಜತೆ ನಿಂತಾಗಲೇ ತಾಳಿಕೊಳ್ಳುತ್ತದೆ. ಮೇವಿನ ಬೆಳೆ ಇಲ್ಲದ ಊರಲ್ಲಿ ಕುರಿ ಉಳಿಸುವ ಮಾತು ಬರಿಯ ಮಾತಾಗಿಯೇ ಉಳಿಯುತ್ತದೆ.

‘ಪಾಳುಭೂಮಿ’ ಎಂಬ ಹೆಸರಿನ ಸಮಸ್ಯೆ

ಕುರಿಗಾಹಿಗಳ ದೊಡ್ಡ ಆತಂಕ ನೆಲದ್ದು. ಹೈದರಾಬಾದ್‌ನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಕೇಂದ್ರದ ಭೂಸಂಪನ್ಮೂಲ ಇಲಾಖೆಗಾಗಿ ಪಾಳುಭೂಮಿ ನಕ್ಷೆ ಸಿದ್ಧಪಡಿಸುತ್ತದೆ. 2019ರ ಆವೃತ್ತಿಯಂತೆ ದೇಶದ ಶೇ 16.96ರಷ್ಟು, ಅಂದರೆ ಸುಮಾರು 5.57 ಕೋಟಿ ಹೆಕ್ಟೇರ್ ಪಾಳುಭೂಮಿ. ಕುರುಚಲು ಕಾಡು, ಹುಲ್ಲುಗಾವಲುಗಳೂ ಈ ಪಟ್ಟಿಯೊಳಗೆ ಬರುತ್ತವೆ. ಕುರಿಗಾಹಿಯ ಕಣ್ಣಿಗೆ ಅದು ಮೇವಿನ ಕಣಜ, ಕಡತದಲ್ಲಿ ಮಾತ್ರ ಖಾಲಿ ಜಾಗ. ಖಾಲಿ ಜಾಗವೆಂದಾದ ಮೇಲೆ ಯಾವುದಾದರೂ ಯೋಜನೆಗೆ ಕೊಡುವುದು ಸುಲಭ.

ಕರ್ನಾಟಕದಲ್ಲಿ ಇದಕ್ಕೆ ಎರಡು ಉದಾಹರಣೆಗಳಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣು ಸಂಶೋಧನಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದ ಊರುಗಳ ಜನ ಹೋರಾಟ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಇನ್ನೊಂದು ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ. ಸುಮಾರು 13 ಸಾವಿರ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಗಿದೆ. ಭೂಮಿ ಇದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಬೇಲಿಯಷ್ಟೇ ಸಿಕ್ಕಿತು. ಹವಾಮಾನಕ್ಕೆ ಒಳ್ಳೆಯದಾದ ಸೌರವಿದ್ಯುತ್ ಹವಾಮಾನದ ಹೊಡೆತ ತಿನ್ನುವ ಕುರಿಗಾಹಿಯ ದಾರಿ ಮುಚ್ಚದಂತೆ ನೋಡಿಕೊಳ್ಳುವುದು ಯೋಜನೆ ರೂಪಿಸುವವರ ಹೊಣೆ.

ಕಂಬಳಿಯ ಮಾರುಕಟ್ಟೆ ಯಾಕೆ ಮುಖ್ಯ?

ಉಣ್ಣೆ ಕತ್ತರಿಸುವುದು ಗಂಡಸರ ಕೆಲಸವಾದರೆ ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ. ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿ ಗುಂಡಿಮಗ್ಗದಲ್ಲಿ ನೇಯುತ್ತಾರೆ. ಬಣ್ಣ ಹಾಕುವ ಅಗತ್ಯವಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಹಾವೇರಿ ಜಿಲ್ಲೆಯ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ತೆಲಂಗಾಣದಲ್ಲಿ ಇದಕ್ಕೆ ಗೊಂಗಡಿ ಎಂದು ಹೆಸರು.

ಮಿಲ್ಲಿನ ಅಗ್ಗದ ಹೊದಿಕೆ ಬಂದ ಮೇಲೆ ಕಂಬಳಿ ಕೊಳ್ಳುವವರು ಕಡಿಮೆಯಾದರು. ಉಣ್ಣೆಗೆ ಬೆಲೆ ಇಲ್ಲವಾದರೆ ಉಣ್ಣೆಯ ಕುರಿ ಸಾಕುವ ಕಾರಣವೂ ಇಲ್ಲವಾಗುತ್ತದೆ. ಕಂಬಳಿ ಕಳೆದುಹೋದರೆ ಒಂದು ಹೊದಿಕೆಯ ಜತೆಗೆ ಬರ ತಾಳುವ ಒಂದು ತಳಿಯೂ ಕೈಬಿಡುತ್ತದೆ. ನೆಲಹಾಸು, ಚೀಲ, ಮನೆಯ ಅಲಂಕಾರದ ವಸ್ತುಗಳಂಥ ಹೊಸ ಬಳಕೆಗಳಿಗೆ ದಖನಿ ಉಣ್ಣೆಯನ್ನು ಒಗ್ಗಿಸುವ ಪ್ರಯತ್ನಗಳು ಇದೇ ಕಾರಣಕ್ಕೆ ಮಹತ್ವದವು.

ಕುರಿಗಾಹಿಗಳಿಗೆ ಇರುವ ಸೌಲಭ್ಯಗಳು

* ವಿಮೆ: 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ವಿಮಾ ಕಂತಿನಲ್ಲಿ ಫಲಾನುಭವಿಯ ಪಾಲನ್ನು ಶೇ 15ಕ್ಕೆ ಇಳಿಸಿತು. ಕುರಿ–ಮೇಕೆಗಳ ಮಿತಿಯನ್ನು 5ರಿಂದ 10 ಜಾನುವಾರು ಘಟಕಕ್ಕೆ ಏರಿಸಲಾಯಿತು. ಒಂದು ಘಟಕವೆಂದರೆ 10 ಕುರಿ.
* ಅನುಗ್ರಹ ಯೋಜನೆ: ಕರ್ನಾಟಕದಲ್ಲಿ ಆರು ತಿಂಗಳು ದಾಟಿದ ಕುರಿ, ಮೇಕೆ ಆಕಸ್ಮಿಕವಾಗಿ ಸತ್ತರೆ ಪರಿಹಾರ ಕೊಡುವ ಯೋಜನೆ. 2023ರಲ್ಲಿ ಮರುಚಾಲನೆ ಸಿಕ್ಕಾಗ ಪರಿಹಾರ 5,000 ರೂಪಾಯಿ ಇತ್ತು. 2025–26ರ ಬಜೆಟ್‌ನಲ್ಲಿ ಮೊತ್ತ ಹೆಚ್ಚಳ ಘೋಷಿಸಲಾಯಿತು.
* ಕಿಸಾನ್ ಕ್ರೆಡಿಟ್ ಕಾರ್ಡ್: ಬೆಳೆ ಸಾಲಕ್ಕಷ್ಟೇ ಇದ್ದ ಈ ಸೌಲಭ್ಯ ಈಗ ಕುರಿ ಸಾಕಣೆಗೂ ಅನ್ವಯ.
* ಅರಣ್ಯ ಹಕ್ಕು ಕಾಯ್ದೆ, 2006: ಮೇಯಿಸುವ ಹಕ್ಕು ಮತ್ತು ಅಲೆಮಾರಿ ಪಶುಪಾಲಕರು ಋತುವಿಗನುಗುಣವಾಗಿ ಕಾಡು ಬಳಸುವ ಹಕ್ಕನ್ನು ಈ ಕಾಯ್ದೆ ಗುರುತಿಸುತ್ತದೆ. ಆದಿವಾಸಿಗಳಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ಅವಲಂಬನೆಗೆ ಪುರಾವೆ ಕೊಡಬೇಕು.
* ವಲಸೆ ಕುರಿಗಾಹಿಗಳ ರಕ್ಷಣೆ: ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗಾಗಿ ಕರ್ನಾಟಕ ವಿಧಾನಮಂಡಲ 2025ರಲ್ಲಿ ವಿಧೇಯಕ ಅಂಗೀಕರಿಸಿತು.

ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 100ರಿಂದ 500 ಕುರಿಗಳ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಆದರೆ ಜಾಗ, ಶೆಡ್ಡು, ಬ್ಯಾಂಕ್ ಸಾಲ ಎಲ್ಲ ಹೊಂದಿಸಬಲ್ಲವರಿಗೆ ಇದು ಹೆಚ್ಚು ಅನುಕೂಲ. ವರ್ಷದ ಅರ್ಧ ಭಾಗ ದಾರಿಯಲ್ಲೇ ಇರುವ ಕುರಿಗಾಹಿ ಈ ಅರ್ಜಿಯ ಚೌಕಟ್ಟಿನೊಳಗೆ ಕೂರುವುದು ಕಷ್ಟ.

ಕುರಿಯಿಂದ ಪರಿಸರಕ್ಕೆ ಹಾನಿ ಎಂಬ ಮಾತು ನಿಜವೇ?

ಮೆಲುಕು ಹಾಕುವ ಎಲ್ಲ ಪ್ರಾಣಿಗಳಂತೆ ಕುರಿಯೂ ಮೀಥೇನ್ ಹೊರಬಿಡುತ್ತದೆ. ಒಂದೇ ಜಾಗದಲ್ಲಿ ಅತಿಯಾಗಿ ಮೇಯಿಸಿದರೆ ಹುಲ್ಲಿನ ಬೇರೂ ಉಳಿಯದು. ಇವೆರಡೂ ನಿಜ. ಆದರೆ ಬಯಲಲ್ಲಿ ಮೇಯುವ ಹಿಂಡು ಮನುಷ್ಯ ತಿನ್ನುವ ಕಾಳನ್ನು ಕೇಳುವುದಿಲ್ಲ, ಕೊಳವೆಬಾವಿ ನೀರಿನಲ್ಲಿ ಬೆಳೆದ ಮೇವನ್ನು ಕೇಳುವುದಿಲ್ಲ, ಜತೆಗೆ ಹೊಲಕ್ಕೆ ಗೊಬ್ಬರ ಕೊಟ್ಟು ರಾಸಾಯನಿಕದ ಖರ್ಚು ತಗ್ಗಿಸುತ್ತದೆ. ಹಿಂಡು ನಡೆಯುತ್ತಿದ್ದರೆ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತದೆ. ದಾರಿ ಮುಚ್ಚಿ, ಇರುವಷ್ಟೇ ಜಾಗಕ್ಕೆ ಎಲ್ಲ ಹಿಂಡುಗಳನ್ನು ಒತ್ತಿದಾಗ ಅತಿ ಮೇಯಿಸುವಿಕೆ ಶುರುವಾಗುತ್ತದೆ.

ಮುಂದೇನು?

ವಿಶ್ವಸಂಸ್ಥೆ 2026ನೇ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. 2023ರ ಸಿರಿಧಾನ್ಯ ವರ್ಷ ರಾಗಿ, ನವಣೆ, ಸಜ್ಜೆಗಳನ್ನು ಮತ್ತೆ ತಟ್ಟೆಗೆ ತಂದಿತು. ಆ ಬೆಳೆಗಳ ಕಣಿಕೆ ತಿಂದು ಆ ಹೊಲಗಳಿಗೆ ಗೊಬ್ಬರ ಕೊಟ್ಟ ಕುರಿಗೂ ಅಂಥದೇ ಗಮನ ಸಿಗಬೇಕಿದೆ.

ಅದಕ್ಕೆ ಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಒಳ್ಳೆಯ ದಖನಿ ಟಗರುಗಳನ್ನು ಗುರುತಿಸಿ ಹಿಂಡುಗಳಿಗೆ ಒದಗಿಸಬೇಕು. ವಲಸೆಯ ದಾರಿಯಲ್ಲೇ ಲಸಿಕೆ ಮತ್ತು ನೀರಿನ ತೊಟ್ಟಿಗಳಿರಬೇಕು. ಒಂದು ಜಿಲ್ಲೆಯಲ್ಲಿ ಹಾಕಿಸಿದ ಲಸಿಕೆಯ ದಾಖಲೆ ಇನ್ನೊಂದು ಜಿಲ್ಲೆಯಲ್ಲೂ, ಇನ್ನೊಂದು ರಾಜ್ಯದಲ್ಲೂ ನಡೆಯಬೇಕು. ಗೋಮಾಳಗಳ ಗಡಿ ಗುರುತಿಸಿ ಗ್ರಾಮ ಪಂಚಾಯಿತಿಯ ಕಡತದಲ್ಲಿ ಮೇವಿನ ನೆಲವೆಂದೇ ಬರೆಯಬೇಕು. ಬಿಸಿಗಾಳಿಯ ಮುನ್ಸೂಚನೆ ಕುರಿಗಾಹಿಯ ಮೊಬೈಲ್‌ಗೆ ಅವನ ಭಾಷೆಯಲ್ಲೇ ತಲುಪಬೇಕು.

ಕುರಿ ಎಷ್ಟಿವೆ ಎಂಬ ಲೆಕ್ಕ ಐದು ವರ್ಷಕ್ಕೊಮ್ಮೆ ಸಿಗುತ್ತದೆ. ಅವು ಮೇಯುವ ನೆಲ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನೂ ಪ್ರತಿ ಪಂಚಾಯಿತಿ ಇಟ್ಟುಕೊಳ್ಳುವುದಾದರೆ ಅದೇ ದೊಡ್ಡ ಆಸರೆ.